ಬೈಕು ತಗ್ಗಿಸುವ ಮೊದಲು ಸೀಟು ತಗ್ಗಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಮೋಟಾರ್‌ಸೈಕಲ್ಲಿನ ಪರಿಚಯ ಬಂದಾಗಲೆಲ್ಲ ಎಂಜಿನ್ನಿನ ಸಾಮರ್ಥ್ಯ, ಮೈಲೇಜು, ಬಣ್ಣ, ಬೆಲೆ ಇವೆಲ್ಲ ವಿವರವಾಗಿ ಇರುತ್ತವೆ. ಸೀಟಿನ ಎತ್ತರ ಮಾತ್ರ ಕೊನೆಯ ಕೋಷ್ಟಕದ ಯಾವುದೋ ಸಾಲಿನಲ್ಲಿ ಒಂದು ಅಂಕಿಯಾಗಿ ಬಿದ್ದಿರುತ್ತದೆ. ನಾನು ಹುಬ್ಬಳ್ಳಿ ಕಡೆಯವಳು, ಪುಣೆಯ ಚಿಂಚವಡದಲ್ಲಿ ನೆಲೆಸಿ ಚಾಕಣ್‌ನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಎತ್ತರ ಐದು ಅಡಿ. ಕೆಲಸಕ್ಕೆ ಹೋಗಿಬರುವುದು ಮೋಟಾರ್‌ಸೈಕಲ್ಲಿನ ಮೇಲೆ. ಹೀಗಾಗಿ ಆ ಪುಟದಲ್ಲಿ ನಾನು ಮೊದಲು ಹುಡುಕುವುದು ಆ ಒಂದು ಅಂಕಿಯನ್ನೇ. ನನ್ನಂಥವರು ಕಡಿಮೆ ಸಂಖ್ಯೆಯಲ್ಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ನಮ್ಮ ದೇಶದ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಪುರುಷರದು ಸುಮಾರು 165 ಸೆಂ.ಮೀ. ಮಾರುಕಟ್ಟೆಯಲ್ಲಿರುವ ಬೈಕುಗಳನ್ನು ನೋಡಿದರೆ ಹೀರೋ ಸ್ಪ್ಲೆಂಡರ್‌ನ ಸೀಟು 785 ಮಿ.ಮೀ., ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದು 805, ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನದು 825, ಅದರದೇ ಪ್ರೊ ಮಾದರಿಯದು 891 ಮಿ.ಮೀ. ಐದು ಅಡಿ ಎತ್ತರದವರ ಒಳಗಾಲಿನ ಉದ್ದ 70 ಸೆಂ.ಮೀ. ಆಸುಪಾಸಿನಲ್ಲಿ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬೈಕನ್ನು ತಗ್ಗಿಸುವ ಕೆಲಸ ಈ ಊರಿನ ಗ್ಯಾರೇಜುಗಳಲ್ಲಿ ಏಕೆ ಇಷ್ಟು ಹೆಚ್ಚಿದೆ ಎಂಬುದು ಅರ್ಥವಾಗುತ್ತದೆ. ಆ ಕೆಲಸ ಬಹಳ ಕಡೆ ತಲೆಕೆಳಗಾದ ಕ್ರಮದಲ್ಲಿ ನಡೆಯುತ್ತಿದೆ ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ಆ ಅಂಕಿಯ ವಿಷಯ. ಕಂಪನಿಗಳು ಮುದ್ರಿಸುವ ಸೀಟಿನ ಎತ್ತರ ಸಾಮಾನ್ಯವಾಗಿ ಮೇಲೆ ಯಾರೂ ಕುಳಿತಿರದ, ನೇರವಾಗಿ ನಿಂತ ಬೈಕಿನದು. ಸವಾರ ಕುಳಿತ ಕೂಡಲೇ ಹಿಂದಿನ ಶಾಕ್ (ಕುಲುಕಾಟ ತಡೆಯುವ ಸ್ಪ್ರಿಂಗಿನ ಜೋಡಣೆ) ಮತ್ತು ಮುಂದಿನ ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಎರಡೂ ಸ್ವಲ್ಪ ಕುಸಿಯುತ್ತವೆ. ಅವು ಮೇಲೆ ಕೆಳಗೆ ಆಡಬಲ್ಲ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹೀಗೆ ಕುಸಿಯುವುದು ಸರಿಯಾದ ಅಳತೆ ಎಂದು ಈ ಕೆಲಸ ಬಲ್ಲವರು ಎಣಿಸುತ್ತಾರೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂತೆ 200 ಮಿ.ಮೀ. ಚಲನೆಯಿರುವ ಬೈಕಿನಲ್ಲಿ ಇದು 50ರಿಂದ 65 ಮಿ.ಮೀ. ಆಯಿತು. ಆದರೆ ಸ್ಪ್ರಿಂಗನ್ನು ಆಯ್ಕೆ ಮಾಡಿರುವುದು ಸಾಧಾರಣ ಮೈಕಟ್ಟಿನ ಗಂಡಸು ಕೂರುತ್ತಾನೆ, ಹಿಂದೆ ಇನ್ನೊಬ್ಬರೂ ಕೂರಬಹುದು ಎಂಬ ಲೆಕ್ಕದಲ್ಲಿ. ಎತ್ತರ ಕಡಿಮೆ ಇರುವವರು ಬಹುಮಟ್ಟಿಗೆ ತೂಕದಲ್ಲಿಯೂ ಹಗುರ. ಐವತ್ತು ಕಿಲೋದ ಹೆಣ್ಣುಮಗಳು ಕುಳಿತಾಗ ಬೈಕು ಕುಸಿಯಬೇಕಾದಷ್ಟು ಕುಸಿಯುವುದಿಲ್ಲ. ಕಾಲು ಗಿಡ್ಡ, ಮೇಲಿಂದ ಬೈಕು ಇತರರಿಗಿಂತ ಎತ್ತರ ಎಂದರೆ ಎರಡು ಕಡೆಯಿಂದಲೂ ದಂಡ ಬಿದ್ದಂತೆ.

ಎರಡನೆಯದು ಸೀಟಿನ ಅಗಲ. ತೊಡೆಗಳು ಕೆಳಗಿಳಿಯುವ ಜಾಗದಲ್ಲಿ, ಅಂದರೆ ಟ್ಯಾಂಕಿಗೆ ಹತ್ತಿಕೊಂಡ ಭಾಗದಲ್ಲಿ ಸೀಟು ಅಗಲವಾಗಿದ್ದರೆ ಕಾಲು ಹೊರಕ್ಕೆ ಚಾಚಿಕೊಂಡು ನೆಲ ತಲುಪುವಷ್ಟರಲ್ಲಿ ಉದ್ದ ಸಾಲದಾಗುತ್ತದೆ. ಆದ್ದರಿಂದಲೇ 825 ಮಿ.ಮೀ. ಎತ್ತರದ, ಆದರೆ ಕಿರಿದಾದ ಸೀಟಿನ ಬೈಕಿನ ಮೇಲೆ ಧೈರ್ಯವಾಗಿ ಕುಳಿತವರು 800ರ ಅಗಲ ಸೀಟಿನ ಮೇಲೆ ತುದಿಗಾಲಲ್ಲಿ ತಡಕಾಡುವುದುಂಟು. ಈ ಅಗಲವನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಕೊಳ್ಳುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ: ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆಯಬೇಕು. ಆ ಅಳತೆ ಕೈಯಲ್ಲಿದ್ದರೆ ಷೋರೂಮಿನಲ್ಲಿ, 'ಮ್ಯಾಡಂ, ಇದು ನಿಮಗಾಗೂದಿಲ್ರಿ, ಸ್ಕೂಟಿ ನೋಡ್ರಿ' ಎಂಬ ಉಪದೇಶಕ್ಕೆ ಉತ್ತರ ಕೊಡಲು ಅನುಕೂಲ. ಇಲ್ಲಿ ಆ ಉಪದೇಶ ಮರಾಠಿಯಲ್ಲಿ ಸಿಗುತ್ತದೆ, ಇಷ್ಟೇ ವ್ಯತ್ಯಾಸ.

ಈಗ ಗ್ಯಾರೇಜಿನ ವಿಷಯಕ್ಕೆ ಬರುತ್ತೇನೆ. ಹಿಮಾಲಯನ್‌ನಂಥ ಬೈಕಿನಲ್ಲಿ ಹಿಂದಿನ ಶಾಕ್ ಮತ್ತು ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ) ನಡುವೆ ಲಿಂಕಿನ ಜೋಡಣೆಯಿರುತ್ತದೆ. ಅದರಲ್ಲಿರುವ ಎರಡು ಸಣ್ಣ ಪಟ್ಟಿಗಳನ್ನು ತೆಗೆದು, ತೂತುಗಳ ನಡುವಿನ ಅಂತರ ತುಸು ಹೆಚ್ಚಿರುವ ಪಟ್ಟಿಗಳನ್ನು ಹಾಕಿದರೆ, ಬಹುತೇಕ ವಿನ್ಯಾಸಗಳಲ್ಲಿ ಬೈಕಿನ ಹಿಂಭಾಗ ತಗ್ಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ದೊಡ್ಡದಲ್ಲ, ಗಿರಾಕಿ ಕುಳಿತು ನೋಡಿದ ಕೂಡಲೇ ಪಾದ ನೆಲಕ್ಕೆ ಹತ್ತುತ್ತದೆ. ಈ ಸುಲಭವೇ ತೊಂದರೆಯ ಮೂಲ, ಏಕೆಂದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿ ಹಣ ಎಣಿಸಿಕೊಳ್ಳುತ್ತಾರೆ. ಮುಂದಿನ ಫೋರ್ಕನ್ನು ಮುಟ್ಟುವುದಿಲ್ಲ, ಸೈಡ್ ಸ್ಟ್ಯಾಂಡನ್ನು ನೋಡುವುದಿಲ್ಲ.

ಹಿಂದೆ ಮಾತ್ರ ತಗ್ಗಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎರಡು ಚಕ್ರಗಳ ನಡುವೆ 1,400 ಮಿ.ಮೀ. ಅಂತರವಿರುವ ಬೈಕಿನ ಹಿಂಭಾಗವನ್ನು ಅಚ್ಚಿನ ಬಳಿ 25 ಮಿ.ಮೀ. ಇಳಿಸಿದರೆ ಇಡೀ ಚೌಕಟ್ಟು ಹಿಂದಕ್ಕೆ ಸುಮಾರು ಒಂದು ಡಿಗ್ರಿ ವಾಲುತ್ತದೆ. ಸವಾರ ಕೂರುವುದು ಹಿಂದಿನ ಅಚ್ಚಿನ ಮೇಲಲ್ಲ, ಅದಕ್ಕಿಂತ ಎಷ್ಟೋ ಮುಂದೆ. ಆದ್ದರಿಂದ ಹಿಂದೆ 25 ಇಳಿದರೂ ಕೂರುವ ಜಾಗದಲ್ಲಿ ಸಿಗುವುದು 16-17 ಮಿ.ಮೀ. ಮಾತ್ರ. ಆ ಒಂದು ಡಿಗ್ರಿಯ ಪರಿಣಾಮವಾಗಿ ಹ್ಯಾಂಡಲಿನ ಕೊಳವೆ ಇನ್ನಷ್ಟು ಓರೆಯಾಗಿ, ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ, ತಿರುವಿನಲ್ಲಿ ಬೈಕು ಹೇಳಿದ ಮಾತು ತಡವಾಗಿ ಕೇಳತೊಡಗುತ್ತದೆ. ಹೆಡ್‌ಲೈಟಿನ ಬೆಳಕೂ ಒಂದು ಡಿಗ್ರಿ ಮೇಲೇಳುತ್ತದೆ: 50 ಮೀಟರ್ ದೂರದಲ್ಲಿ ಅದು ಸುಮಾರು 87 ಸೆಂ.ಮೀ. ಎತ್ತರಕ್ಕೆ ಹೋಗುವುದರಿಂದ ಎದುರಿನಿಂದ ಬರುವವನ ಕಣ್ಣು ಕುಕ್ಕುತ್ತದೆ, ನಮ್ಮ ಮುಂದಿನ ಗುಂಡಿ ಕತ್ತಲಲ್ಲಿ ಉಳಿಯುತ್ತದೆ. ತಾಮ್ಹಿಣಿ ಘಾಟಿನಲ್ಲಿ ಮಳೆಗಾಲದ ಸಂಜೆ ಓಡಿಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇನ್ನು ಲಿಂಕಿನ ಪಟ್ಟಿ ಬದಲಾದಾಗ ಶಾಕಿನ ಮೇಲೆ ಬೀಳುವ ಸನ್ನೆಯ ಬಲವೂ ಬದಲಾಗುತ್ತದೆ. ಸ್ಪ್ರಿಂಗು ಮೊದಲಿಗಿಂತ ಮೆತ್ತಗಾದಂತೆ ವರ್ತಿಸಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗುಂಡಿಗೆ ಇಳಿದಾಗ ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜುವುದೂ ಉಂಟು. ಶನಿವಾರ ಬೆಳಿಗ್ಗೆ ಬ್ಯಾಗು ಕಟ್ಟಿಕೊಂಡು, ಗೆಳೆಯನನ್ನೋ ತಮ್ಮನನ್ನೋ ಹಿಂದೆ ಕೂರಿಸಿಕೊಂಡು ಖಂಬಾಟಕಿ ಘಾಟ್ ಹತ್ತಿ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ ಕಡೆಗೆ ಹೊರಡುವ ನಮ್ಮ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಖಾಲಿ ಬೈಕಿನ ಮೇಲೆ ಗ್ಯಾರೇಜಿನ ಅಂಗಳದಲ್ಲಿ ಕುಳಿತು ನೋಡಿದ ಎತ್ತರಕ್ಕೂ ಆ ಭಾರದೊಂದಿಗೆ ಹೆದ್ದಾರಿಯಲ್ಲಿ ಉಳಿಯುವ ಎತ್ತರಕ್ಕೂ ಬಹಳ ಅಂತರವಿದೆ.

ಸೈಡ್ ಸ್ಟ್ಯಾಂಡಿನದು ಇನ್ನೂ ಕೆಟ್ಟ ಕಥೆ. ಬೈಕು ತಗ್ಗಿ ಸ್ಟ್ಯಾಂಡು ಹಳೆಯ ಉದ್ದದಲ್ಲಿಯೇ ಉಳಿದರೆ ಬೈಕು ಎಡಕ್ಕೆ ಒರಗುವ ಬದಲು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ನಮ್ಮ ಸೊಸೈಟಿಯಲ್ಲಿರುವ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಪಟ್ಟಿ ಹಾಕಿಸಿಕೊಂಡು ಬಂದ ವಾರದಲ್ಲಿಯೇ ಅವಳ ಬೈಕು ನೆಲಮಾಳಿಗೆಯಲ್ಲಿ ತಾನಾಗಿ ಬಲಕ್ಕೆ ಉರುಳಿ, ಪಕ್ಕದವರ ಸ್ಕೂಟರನ್ನೂ ಜೊತೆಗೆ ಕೆಡವಿತು. ಸ್ಟ್ಯಾಂಡಿನ ವಿಷಯ ಆ ಗ್ಯಾರೇಜಿನವರು ಅವಳಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಸ್ಟ್ಯಾಂಡನ್ನು ಕತ್ತರಿಸಿ ಮತ್ತೆ ವೆಲ್ಡಿಂಗ್ ಮಾಡಿಸುವುದು ಕಷ್ಟದ ಕೆಲಸವೇನಲ್ಲ. ಆದರೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಅಳೆದು, ಬುಡದ ತಗಡಿನ ಕೋನವನ್ನು ಮೊದಲಿನಂತೆಯೇ ಕೂರಿಸಿ, ಸ್ಟ್ಯಾಂಡಿಗೆ ಜೋಡಿಸಿದ ಸ್ವಿಚ್ಚಿಗೆ ಬಿಸಿ ತಾಕದಂತೆ ನೋಡಿಕೊಳ್ಳಬೇಕು. ಮೇನ್ ಸ್ಟ್ಯಾಂಡ್ ಇರುವ ಬೈಕಾದರೆ ಇನ್ನೊಂದು ವಿಚಿತ್ರ: ಬೈಕು ತಗ್ಗಿದಷ್ಟೂ ಅದನ್ನು ಆ ಸ್ಟ್ಯಾಂಡಿನ ಮೇಲೆ ಏರಿಸಲು ಹೆಚ್ಚು ಎತ್ತಬೇಕಾಗುತ್ತದೆ. ಹಗುರ ಮೈಯವರ ಅನುಕೂಲಕ್ಕೆಂದು ಮಾಡಿಸಿದ ಕೆಲಸ ಅವರಿಂದಲೇ ಹೆಚ್ಚು ಶಕ್ತಿ ಬೇಡುತ್ತದೆ.

ನೆಲದಿಂದ ಬೈಕಿನ ಹೊಟ್ಟೆಗಿರುವ ಅಂತರದ ಬಗ್ಗೆಯೂ ಒಂದು ಮಾತು. ಹಿಮಾಲಯನ್ 450ರ 230 ಮಿ.ಮೀ. ಅಂತರದಲ್ಲಿ 25 ಕಳೆದರೂ ದೊಡ್ಡ ನಷ್ಟವಿಲ್ಲ. ಕ್ಲಾಸಿಕ್ 350ರಲ್ಲಿ ಇರುವುದೇ 170. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯಂತೆ ರಸ್ತೆಯ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದಲ್ಲಿ ಯಾವ ಬೈಕಿಗೂ ತೊಂದರೆಯಿಲ್ಲ. ಆದರೆ ಪುಣೆಯ ಪೇಠೆಗಳ ಗಲ್ಲಿಗಳಲ್ಲಿ, ಸೊಸೈಟಿಗಳ ಗೇಟಿನ ಮುಂದೆ ಅವರವರೇ ಸಿಮೆಂಟು ಸುರಿದು ಕಟ್ಟಿಕೊಂಡ ಚೂಪು ಹಂಪುಗಳು ಯಾವ ಮಾದರಿಗೂ ಸೇರಿದವಲ್ಲ.

ಹಾಗಾದರೆ ಕ್ರಮ ಯಾವುದು? ಮೊದಲ ಕೆಲಸಕ್ಕೆ ಹಣವೇ ಬೇಡ. ಹಿಂದಿನ ಶಾಕಿನ ಬುಡದಲ್ಲಿಯೋ ತಲೆಯಲ್ಲಿಯೋ ಇರುವ ಹಲ್ಲಿನ ಉಂಗುರವನ್ನು ಬೈಕಿನ ಜೊತೆ ಬರುವ ಕೊಕ್ಕೆ ಸ್ಪ್ಯಾನರಿನಿಂದ ತಿರುಗಿಸಿ, ಐದಾರು ಹಂತಗಳಲ್ಲಿ ಎಲ್ಲಕ್ಕಿಂತ ಮೆತ್ತಗಿನದಕ್ಕೆ ತರಬೇಕು. ಹಗುರ ಸವಾರರಿಗೆ ಇರಬೇಕಾದದ್ದು ಆ ಹಂತವೇ. ಎತ್ತರ ತಗ್ಗುವುದು ಅದರ ಜೊತೆಗೆ ಬರುವ ಲಾಭ. ಎರಡನೆಯದು ಸೀಟು. ಸೀಟಿನ ಸ್ಪಂಜನ್ನು ಮೇಲಿನಿಂದ ಎರಡು ಇಂಚು ಸವರಿ ಹಾಕುವುದಕ್ಕಿಂತ, ಮುಂದಿನ ಮೂಲೆಗಳನ್ನು ಎರಡೂ ಬದಿಯಿಂದ ಓರೆಯಾಗಿ ಕೆತ್ತಿಸಿ ಕಿರಿದು ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ. ಕೂರುವ ಜಾಗದ ದಪ್ಪ ಹಾಗೆಯೇ ಉಳಿದು, ಕಾಲು ನೇರವಾಗಿ ಇಳಿಯಲು ದಾರಿಯಾಗುತ್ತದೆ. ಮೇಲಿನಿಂದಲೂ ತೆಗೆಸಲೇಬೇಕಾದರೆ ಉಳಿದ ಸ್ಪಂಜಿನ ಮೇಲೆ ಗಟ್ಟಿ ಜಾತಿಯ ಫೋಮಿನ ಹಾಳೆಯೊಂದನ್ನು ಅಂಟಿಸಲು ಹೇಳಬೇಕು, ಇಲ್ಲವಾದರೆ ಒಂದು ಗಂಟೆಯ ಓಟಕ್ಕೆ ತಗಡಿನ ಮೇಲೆ ಕುಳಿತ ಅನುಭವವಾಗುತ್ತದೆ. ಮೂಲ ಸೀಟನ್ನು ಕತ್ತಿಗೆ ಒಡ್ಡದೆ ಇನ್ನೊಂದು ಹಳೆಯ ಸೀಟು ಸಿಗುವುದೇ ನೋಡಿ, ಅದನ್ನು ಕೆತ್ತಿಸಿಕೊಳ್ಳುವುದು ಜಾಣತನ. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಮಾರುವ ಹೊತ್ತಿಗೆ ಮೂಲ ಸೀಟನ್ನು ಹಾಕಿಕೊಟ್ಟರಾಯಿತು. ದಪ್ಪ ಅಟ್ಟೆಯ ಬೂಟಿನಿಂದ ಸಿಗುವ ಎರಡು ಮೂರು ಸೆಂ.ಮೀ. ಅನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ಕೈ ಸಣ್ಣದಿರುವವರು ಬ್ರೇಕು ಮತ್ತು ಕ್ಲಚ್ಚಿನ ಲಿವರುಗಳ ದೂರವನ್ನೂ ಸರಿಮಾಡಿಸಿಕೊಳ್ಳಬೇಕು.

ಇಷ್ಟೂ ಮಾಡಿದ ಮೇಲೆ ಸಾಲದಿದ್ದರೆ ಮಾತ್ರ ಲಿಂಕಿಗೆ ಕೈ ಹಾಕಬೇಕು. ಆಗ ಮುಂದೆಯೂ ಅದಕ್ಕೆ ಸರಿಯಾಗಿ ತಗ್ಗಿಸಬೇಕು. ಫೋರ್ಕಿನ ಕೊಳವೆಗಳನ್ನು ಹಿಡಿದಿರುವ ಕ್ಲ್ಯಾಂಪುಗಳನ್ನು ಸಡಿಲಿಸಿ, ಕೊಳವೆಗಳನ್ನು 10-15 ಮಿ.ಮೀ. ಮೇಲಕ್ಕೆ ಸರಿಸಿ ಬಿಗಿಯುವುದು ಸಾಮಾನ್ಯ ವಿಧಾನ. ಇದನ್ನು ಕಣ್ಣಂದಾಜಿನಲ್ಲಿ ಮಾಡಬಾರದು. ಎರಡೂ ಕೊಳವೆಗಳು ಒಂದೇ ಅಳತೆಗೆ ಬಂದಿರಬೇಕು, ಫೋರ್ಕು ಪೂರ್ತಿ ಕುಸಿದಾಗ ಮುಂದಿನ ಮಡ್‌ಗಾರ್ಡು ಕೆಳಗಿನ ಕ್ಲ್ಯಾಂಪಿಗೋ ರೇಡಿಯೇಟರಿಗೋ ಬಡಿಯಬಾರದು, ಬ್ರೇಕಿನ ಕೊಳವೆ ಎಲ್ಲಿಯೂ ಮಡಚಿಕೊಳ್ಳಬಾರದು. ಸ್ವಿಂಗ್‌ಆರ್ಮಿನ ಕೋನ ಬದಲಾಗಿರುವುದರಿಂದ ಚೈನಿನ ಸಡಿಲವನ್ನು ಸವಾರ ಮೇಲೆ ಕುಳಿತಿರುವಾಗಲೇ ಮತ್ತೆ ನೋಡಬೇಕು. ಕೊನೆಗೆ ಹೆಡ್‌ಲೈಟು. ಕೆಟಿಎಂ 390 ಅಡ್ವೆಂಚರ್‌ನಂಥ ಬೈಕುಗಳಲ್ಲಿ ಶಾಕು ಸ್ವಿಂಗ್‌ಆರ್ಮಿಗೆ ನೇರವಾಗಿಯೇ ಜೋಡಿಸಿಕೊಂಡಿರುವುದರಿಂದ ಈ ಪಟ್ಟಿಯ ಉಪಾಯ ನಡೆಯುವುದೇ ಇಲ್ಲ. ಅಲ್ಲಿ ಶಾಕನ್ನೇ ಬಿಚ್ಚಿ ಗಿಡ್ಡ ಮಾಡಬೇಕು, ಅದು ಬೀದಿ ಬದಿಯ ಕೆಲಸವಲ್ಲ. ಸಣ್ಣ ಚಕ್ರ, ತೆಳ್ಳಗಿನ ಟೈರು ಹಾಕಿಸುವ ಸಲಹೆಯನ್ನು ಕೇಳಿಸಿಕೊಳ್ಳದಿರುವುದೇ ಒಳ್ಳೆಯದು.

ಎರಡೂ ಪಾದಗಳು ಸಪಾಟಾಗಿ ನೆಲ ಮುಟ್ಟಲೇಬೇಕು ಎಂಬ ನಂಬಿಕೆಯಿಂದಲೂ ಅನೇಕರು ಬೇಕಾದದ್ದಕ್ಕಿಂತ ಹೆಚ್ಚು ತಗ್ಗಿಸುತ್ತಾರೆ. ಸಿಗ್ನಲಿನಲ್ಲಿ ಒಂದು ಕಾಲು ಗಟ್ಟಿಯಾಗಿ ಊರಿದರೆ ಸಾಕು. ಸೀಟಿನ ಮೇಲೆ ತುಸು ಎಡಕ್ಕೆ ಜರುಗಿ ಎಡಗಾಲು ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆಯೇ ಇಟ್ಟುಕೊಂಡರೆ ಚಾಂದಣಿ ಚೌಕದ ಏರಿನಲ್ಲಿಯೂ ಬೈಕು ಹಿಂದಕ್ಕೆ ಸರಿಯುವುದಿಲ್ಲ. ನಮ್ಮ ರಸ್ತೆಗಳು ಎಡ ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ ಅಂಚಿಗೆ ಹೋಗಿ ನಿಂತಷ್ಟೂ ಎಡಗಾಲಿಗೆ ನೆಲ ದೂರವಾಗುತ್ತದೆ ಎಂಬುದನ್ನು ನೆನಪಿಟ್ಟು ನಿಲ್ಲುವ ಜಾಗ ಆರಿಸಿಕೊಳ್ಳಬೇಕು. ನಿಜವಾದ ಕಷ್ಟ ಓಡಿಸುವಾಗ ಬರುವುದಿಲ್ಲ, ಇಳಿಜಾರಿನ ಪಾರ್ಕಿಂಗಿನಿಂದ ಬೈಕನ್ನು ಹಿಂದಕ್ಕೆ ನೂಕಿ ತೆಗೆಯುವಾಗ ಬರುತ್ತದೆ. ಅದಕ್ಕೆ ಕೆಳಗಿಳಿದು ಪಕ್ಕದಲ್ಲಿ ನಿಂತು ತಳ್ಳುವುದೇ ಉಪಾಯ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಡ್ರೈವಿಂಗ್ ಶಾಲೆಗಳಲ್ಲಿ ಇದನ್ನು ಹೇಳಿಕೊಟ್ಟಿದ್ದರೆ ಎಷ್ಟೋ ಬೈಕುಗಳ ಲಿಂಕುಗಳು ಹಾಗೆಯೇ ಉಳಿಯುತ್ತಿದ್ದವು.

ಕಾನೂನಿನ ಕಡೆಯನ್ನೂ ಓದುಗರು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸೀಟಿನ ಎತ್ತರ ನೋಂದಣಿ ಪತ್ರದಲ್ಲಿ ಇರುವುದಿಲ್ಲ, ಆದ್ದರಿಂದ ಸ್ಪಂಜು ಕೆತ್ತಿಸಿದವರು ಯಾವ ವಿವರವನ್ನೂ ಬದಲಿಸಿದಂತಾಗುವುದಿಲ್ಲ. ಚಕ್ರಗಳ ನಡುವಿನ ಅಂತರವಾದರೋ ಅದರಲ್ಲಿ ಇರುತ್ತದೆ. ಲಿಂಕಿನ ಪಟ್ಟಿ ಬದಲಿಸಿದಾಗ ಅದು ಕೂದಲೆಳೆಯಷ್ಟಾದರೂ ಬದಲಾಗುತ್ತದೆ. ಇದನ್ನು ಹಿಡಿದು ಯಾರಾದರೂ ದಂಡ ಹಾಕುವರೇ ಎಂದು ನಗಬಹುದು. ಆದರೆ ಅಪಘಾತವಾದ ಮೇಲೆ ವಿಮೆಯವರು ಬೈಕನ್ನು ನೋಡಲು ಬಂದಾಗ ಆ ಪಟ್ಟಿಗಳು ತಕರಾರಿಗೆ ಕಾರಣವಾಗಬಹುದು, ಮತ್ತು ಅದಕ್ಕೆ ಉತ್ತರಿಸಬೇಕಾದವರು ಪಟ್ಟಿ ಹಾಕಿದ ಮೇಸ್ತ್ರಿಯಲ್ಲ, ಮಾಲೀಕರು.

ಅಂಗವೈಕಲ್ಯವಿರುವವರಿಗಾಗಿ ವಾಹನವನ್ನು ಮಾರ್ಪಡಿಸಲು ಕಾಯ್ದೆ ಅವಕಾಶ ಕೊಟ್ಟಿದೆ, ಅದು ನ್ಯಾಯವೇ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಕುಬ್ಜತೆ ಎಂದರೆ ವೈದ್ಯಕೀಯ ಅಥವಾ ಆನುವಂಶಿಕ ಕಾರಣದಿಂದ ವಯಸ್ಕರ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಉಳಿಯುವುದು. ನಾನು ಆ ಗುಂಪಿಗೆ ಸೇರಿದವಳಲ್ಲ, ಸೇರಬೇಕಾದ ಕಾರಣವೂ ಇಲ್ಲ; ದೇಶದ ಸರಾಸರಿ ಎತ್ತರದ ಹೆಂಗಸು ನಾನು. ಸರಾಸರಿ ಎತ್ತರದವರ ಅಗತ್ಯಕ್ಕೆ ಮಾತ್ರ ಯಾವ ದಾರಿಯನ್ನೂ ಯಾರೂ ಯೋಚಿಸಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಅಡ್ಡಪಟ್ಟಿ ಇರಲೇಬೇಕೆಂದು ಹೇಳುತ್ತದೆ. ಸೀರೆಯುಟ್ಟು ಹಿಂದೆ ಕುಳಿತವಳ ಬಗ್ಗೆ ಇಷ್ಟು ಕಾಳಜಿಯಿಂದ ಯೋಚಿಸಿದ ನಿಯಮಕಾರರಿಗೆ ಅವಳು ಮುಂದೆ ಕುಳಿತಾಳು ಎಂಬ ಅನುಮಾನ ಬಂದಿರಲಿಲ್ಲವೆಂದು ಕಾಣುತ್ತದೆ.

ಇದನ್ನು ಸರಿಪಡಿಸಲು ಪುಣೆಗಿಂತ ತಕ್ಕ ಊರು ಇನ್ನೊಂದಿಲ್ಲ. 1972ರಲ್ಲಿ ಈ ಊರಿನ ಕೈನೆಟಿಕ್‌ನವರು ಹೊರತಂದ ಲೂನಾ ಮೊಪೆಡ್ಡು ದೇಶದ ಹೆಣ್ಣುಮಕ್ಕಳನ್ನು ರಸ್ತೆಗೆ ತಂದಿತು. ಅದರ ಮೇಲೆ ಕುಳಿತು ಕಾಲು ನಿಲುಕದೆ ಹೋದವರನ್ನು ನಾನು ಕಂಡಿಲ್ಲ. ಬಜಾಜ್ ಆಟೊದ ಕಚೇರಿ ಆಕುರ್ಡಿಯಲ್ಲಿದೆ, ಕೆಟಿಎಂ ಬೈಕುಗಳು ಚಾಕಣ್‌ನಲ್ಲಿ ತಯಾರಾಗುತ್ತವೆ, ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎಆರ್‌ಎಐ ಸಂಸ್ಥೆ ಕೋಥ್ರೂಡಿನ ಗುಡ್ಡದ ಮೇಲಿದೆ. ತಯಾರಕರೇ ಲಿಂಕು, ಅದಕ್ಕೆ ತಕ್ಕ ಸ್ಪ್ರಿಂಗು, ಗಿಡ್ಡ ಸೈಡ್ ಸ್ಟ್ಯಾಂಡು ಮೂರನ್ನೂ ಒಂದೇ ಕಟ್ಟಾಗಿ ಪರೀಕ್ಷೆಗೆ ಒಪ್ಪಿಸಿ, ಒಪ್ಪಿಗೆಯ ಚೀಟಿಯೊಂದಿಗೆ ಷೋರೂಮಿನಲ್ಲಿಯೇ ಜೋಡಿಸಿಕೊಟ್ಟರೆ ಗ್ಯಾರೇಜಿನ ಅಂದಾಜಿಗೂ ಕಾನೂನಿನ ಅನುಮಾನಕ್ಕೂ ಒಟ್ಟಿಗೆ ತೆರೆ ಬೀಳುತ್ತದೆ. ಇದು ಆಗದ ಕೆಲಸವಲ್ಲ. ಬಿಎಂಡಬ್ಲ್ಯೂನವರು ತಮ್ಮ ಹಲವು ದೊಡ್ಡ ಬೈಕುಗಳಿಗೆ ಕಾರ್ಖಾನೆಯಿಂದಲೇ ತಗ್ಗಿಸಿದ ಸಸ್ಪೆನ್ಷನ್ ಕೊಡುತ್ತಾರೆ. ಹಿಮಾಲಯನ್ 450ರ ಸೀಟನ್ನು 825 ಮತ್ತು 845 ಎಂಬ ಎರಡು ಎತ್ತರಗಳಲ್ಲಿ ಕೂರಿಸಬಹುದು. ಆದರೆ ತಗ್ಗಿನ ಸೀಟು ಹಾಕಿದ ಒಂದು ಬೈಕನ್ನು ಕುಳಿತು ನೋಡಲು ಷೋರೂಮಿನಲ್ಲಿ ಇಟ್ಟಿರುವುದು ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂಗಡ ಕೊಟ್ಟ ಮೇಲೆ ತರಿಸಿಕೊಡುತ್ತೇವೆ ಎಂಬ ಮಾತನ್ನು ನಂಬಿ ಲಕ್ಷಗಟ್ಟಲೆ ಹಣ ಹಾಕುವವರು ಯಾರು?

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ವಾಹನ ಪುಟಕ್ಕೆ ಬೈಕುಗಳನ್ನು ಪರೀಕ್ಷಿಸುವವರು ಆರಡಿಯ ಸವಾರರ ಜೊತೆಗೆ ಐದು ಅಡಿಯ, ಐವತ್ತು ಕಿಲೋ ಆಸುಪಾಸಿನ ಒಬ್ಬರನ್ನೂ ಕೂರಿಸಿ, ಅವರ ಹಿಮ್ಮಡಿಗೂ ನೆಲಕ್ಕೂ ಉಳಿದ ಅಂತರ ಎಷ್ಟು, ಟ್ಯಾಂಕಿನ ಬುಡದಲ್ಲಿ ಸೀಟಿನ ಅಗಲ ಎಷ್ಟು, ತಗ್ಗಿನ ಸೀಟು ಕಂಪನಿಯಿಂದ ಸಿಗುತ್ತದೆಯೇ, ಸಿಕ್ಕರೆ ಬೆಲೆ ಏನು ಎಂಬ ನಾಲ್ಕು ಸಾಲುಗಳನ್ನು ಮೈಲೇಜಿನ ಪಕ್ಕದಲ್ಲಿ ಮುದ್ರಿಸಬೇಕು. ಪುಣೆಯಲ್ಲಿ ಅಂಥ ಪರೀಕ್ಷೆಗೆ ಜನ ಬೇಕಾದರೆ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಬಿಡುವ ಹೊತ್ತಿಗೆ ಬಂದರೆ ಸಾಕು.

ಇಂತು ತಮ್ಮ ಓದುಗರಲ್ಲೊಬ್ಬಳು,
ಚಿಂಚವಡ, ಪುಣೆ